ಸುಮ್ಮನೆ ನಿಂತ ಸಮಯ

“ಲೇ ನರಸಿಂಹ! ನಿಂತಿರೋದು ಮಗ್ಗನೋ ನೀನೋ? ಬೋಳಿಮಗನೆ, ಉಚ್ಚೆ ಹುಯ್ಯಕ್ಕೆ ಅರ್ಧ ಗಂಟೆ ಬೇಕೇನ್ಲಾ? ಕಾಲೇಜಿಂದ ಮೇಷ್ಟ್ರು ಬಂದವ್ರೆ, ಮಾನ ತೆಗೀಬ್ಯಾಡ ಬಾ!”

ಶೆಡ್ಡಿನ ಹೊರಗೆ ನಿಂತು ಹೀಗೆ ಬೈದದ್ದು ಸಾವ್ಕಾರ ಆದಿನಾರಾಯಣಪ್ಪ. ಗೋಡೆಯ ಮರೆಯಿಂದ ಲುಂಗಿ ಕಟ್ಟಿಕೊಳ್ಳುತ್ತಾ ಓಡಿಬಂದದ್ದು ನಮ್ಮಪ್ಪ. ಕಾಲೇಜಿಂದ ಬಂದವರು ಇಬ್ಬರು: ಲೆಕ್ಚರರ್ ಅನಿಲ್‌ಕುಮಾರ್ ಸರ್ ಮತ್ತು ನಾನು, ಮೇಘನ, ಬಿಬಿಎ ಕೊನೆಯ ಸೆಮಿಸ್ಟರ್. ನನ್ನ ಕೈಯಲ್ಲಿ ಸ್ಟಾಪ್‌ವಾಚಿತ್ತು. ಅಪ್ಪ ನನ್ನನ್ನು ನೋಡಿ ನಕ್ಕ, ಬೈಗುಳ ಬಿದ್ದದ್ದು ಬೇರೆ ಯಾರಿಗೋ ಎಂಬಂತೆ.

ಕೂಗು ಕೇಳಿಸಿರಬಹುದು, ಮಾತು ನಿಜಕ್ಕೂ ಕೇಳಿಸಿರಲಿಕ್ಕಿಲ್ಲ. ದೊಡ್ಡಬಳ್ಳಾಪುರದ ಕರೆಂಟು ಮಗ್ಗಗಳು ಮೊದಲು ತಿನ್ನುವುದು ಕಿವಿಯನ್ನು. ಶೆಡ್ಡಿನೊಳಗೆ ಯಾರೂ ಬಾಯಲ್ಲಿ ಮಾತಾಡುವುದಿಲ್ಲ. ಕೈಯಲ್ಲಿ, ತುಟಿಯಲ್ಲಿ, ಹುಬ್ಬಿನಲ್ಲಿ ಆಡುತ್ತಾರೆ. ಅಂಗೈ ಕೆಳಗೆ ಒತ್ತಿದರೆ ‘ಮಗ್ಗ ನಿಲ್ಲಿಸು’. ಮೀಸೆ ತಿರುವಿದರೆ ‘ಸಾವ್ಕಾರ ಬಂದ’. ನಾನು ಮಿಮಿಕ್ರಿ ಕಲಿತದ್ದು ಅಲ್ಲೇ. ಮಾತು ಬರುವ ಮೊದಲೇ ಮೀಸೆ ತಿರುವಿದವಳು ನಾನು.

ಆದಿನಾರಾಯಣಪ್ಪ ನಮ್ಮ ಕಾಲೇಜಿನ ಚೇರ್ಮನ್ನೂ ಹೌದು. ಸೀರೆ ನೇಯಿಸಿ ನೇಯಿಸಿ ಮಧುರೆ ರಸ್ತೆಯಲ್ಲೊಂದು ಮ್ಯಾನೇಜ್‌ಮೆಂಟ್ ಕಾಲೇಜು ಎಬ್ಬಿಸಿದ್ದಾರೆ. ಹೆಸರಿನಲ್ಲಿ ‘ಗ್ಲೋಬಲ್’ ಇದೆ, ಕಾಂಪೌಂಡಿನಾಚೆ ರಾಗಿ ಹೊಲವಿದೆ. ಅಲ್ಲಿ ಅನಿಲ್‌ಕುಮಾರ್ ಸರ್ ಅವರದು ನನ್ನ ಜನಪ್ರಿಯ ಐಟಂ. ಕನ್ನಡಕವನ್ನು ಒಂದೇ ಬೆರಳಲ್ಲಿ ಮೇಲೆ ತಳ್ಳಬೇಕು, ಮೂಗಿನಲ್ಲಿ ಮಾತಾಡಬೇಕು: “ಗಾಯ್ಸ್, ಕೂಲಿಯವ್ರು ಅನ್ಬೇಡಿ. ಹ್ಯೂಮನ್ ರಿಸೋರ್ಸ್ ಅನ್ನಿ. ರೆಸ್ಪೆಕ್ಟ್ ಇರ್ಲಿ.” ಕ್ಲಾಸು ಬಿದ್ದು ಬಿದ್ದು ನಗುತ್ತಿತ್ತು. ನಾನೂ ನಗುತ್ತಿದ್ದೆ.

ಪ್ರಾಜೆಕ್ಟಿಗೆ ಜಾಗ ಹುಡುಕುತ್ತಿದ್ದಾಗ ಸರ್ರೇ ಕರೆದು ಹೇಳಿದ್ದರು: “ಮೇಘನಾ, ಚೇರ್ಮನ್ ಶೆಡ್ಡಲ್ಲೇ ಮಾಡ್ಬಿಡಮ್ಮ. ಟೈಮ್ ಸ್ಟಡಿ, ಯಾವ್ ಕೆಲ್ಸಕ್ಕೆ ಎಷ್ಟು ಸೆಕೆಂಡ್ ಅಂತ. ನಿಮ್ ಫಾದರ್ ಅಲ್ಲೇ ಇದಾರಲ್ಲ, ಕೋಆಪರೇಟ್ ಮಾಡ್ತಾರೆ.”

ಅಪ್ಪ ಕೋಆಪರೇಟ್ ಮಾಡಿದ. ಅನಾಹುತ ಆದದ್ದೇ ಅದರಿಂದ.

ಶೆಡ್ಡಿನಲ್ಲಿ ಹನ್ನೆರಡು ಮಗ್ಗ, ಆರು ಜನ, ಒಬ್ಬರಿಗೆ ಎರಡು. ಅಪ್ಪನ ಎರಡರ ಪಕ್ಕದಲ್ಲಿ ಅಮ್ಮನ ಎರಡು. ನನ್ನ ಹಾಳೆಯಲ್ಲಿ ಒಂದು ಕಾಲಂ: ‘ಐಡಲ್ ಟೈಮ್’. ಅಪ್ಪ ಅದರ ಮೇಲೆ ಬೆರಳಿಟ್ಟು, ನನ್ನ ತುಟಿ ನೋಡುತ್ತಾ ಕೇಳಿದ.

“ಇದೇನ್ ಮಗಾ?”

“ನೀನು ಸುಮ್ನೆ ನಿಂತಿರೋ ಟೈಮು ಕಣಪ್ಪ.”

“ಅದು ಎಷ್ಟಿರ್ಬೇಕು?”

“ಕಮ್ಮಿ ಇದ್ದಷ್ಟೂ ಒಳ್ಳೇದು.”

ಅಪ್ಪ ತಲೆಯಾಡಿಸಿದ. ಓದಿದ್ದು ಮೂರನೇ ಕ್ಲಾಸು. ಪರೀಕ್ಷೆ ಎಂದರೆ ಎಡವಬಾರದು ಎನ್ನುವುದಷ್ಟೇ ಅವನಿಗೆ ಗೊತ್ತು. ತನ್ನ ಹಾಳೆಯ ಅಂಕವೇ ಮಗಳ ಅಂಕ ಎಂದುಕೊಂಡುಬಿಟ್ಟ.

ಮೊದಲ ದಿನ ನೀರು ಕುಡಿಯಲಿಲ್ಲ. ಎರಡನೇ ದಿನ ಗೋಡೆಯ ಮರೆಗೂ ಹೋಗಲಿಲ್ಲ. ಕಡಿದ ಎಳೆ ಕೂಡಿಸಲು ಇಪ್ಪತ್ತು ಸೆಕೆಂಡು ಬೇಕಾದವನು ಹನ್ನೊಂದಕ್ಕೆ ಇಳಿಸಿದ. ಮೂರನೇ ದಿನ ಅಮ್ಮನಿಗೆ ಕೈಸನ್ನೆ ಮಾಡಿದ: ನೀ ಹೋಗಿ ಕೂತ್ಕೋ. ಅಮ್ಮ ಹಣೆ ಚಚ್ಚಿಕೊಂಡು ಬಾಗಿಲ ಬಳಿ ಕೂತಳು. ಅಪ್ಪ ನಾಲ್ಕೂ ಮಗ್ಗದ ನಡುವೆ ಲಾಳಿಯ ಹಾಗೆ ಓಡಿದ. ಓಡುತ್ತಲೇ ನನ್ನತ್ತ ತಿರುಗಿ ಹೆಬ್ಬೆರಳು ತೋರುಬೆರಳು ಸೇರಿಸಿ ಕೇಳಿದ: ಸೊನ್ನೆ ತಾನೆ?

ನಾನೂ ಬೆರಳು ಸೇರಿಸಿ ತೋರಿಸಿದೆ. ನಿಲ್ಲಿಸಬಹುದಿತ್ತು. ನನಗೂ ಮಾರ್ಕ್ಸು ಬೇಕಿತ್ತು.

ಸಂಜೆ ಪಿಳ್ಳಣ್ಣ, ಆಚೆ ಸಾಲಿನ ನೇಕಾರ, ಬೀಡಿ ಹಚ್ಚುತ್ತಾ ಉಗಿದ: “ಏನ್ ನರಸಿಂಹಯ್ಯ, ಮಗಳು ಮದ್ವೆಗೆ ನಿಂತವ್ಳೆ ಅನ್ನಂಗೆ ಕುಣೀತಿದ್ದೆ? ನಿನ್ ಕುಣಿತ ನಮ್ ಸೊಂಟಕ್ಕೆ ಬತ್ತದೆ, ನೋಡ್ತಿರು.”

ಅಪ್ಪನಿಗೆ ಕೇಳಿಸಲಿಲ್ಲ. ನನಗೆ ಕೇಳಿಸಿತು.

ವೈವಾ ದಿನ ಚೇರ್ಮನ್ನರೇ ಬಂದು ಕೂತರು. ನಾನು ಸ್ಲೈಡು ಒಂದೊಂದಾಗಿ ತೋರಿಸಿದೆ. ಕೊನೆಯದು ನನ್ನದಲ್ಲ. ಸರ್ ಸೇರಿಸಿದ್ದರು: ‘ಶಿಫಾರಸು: ಒಬ್ಬ ಕೆಲಸಗಾರನಿಗೆ ನಾಲ್ಕು ಮಗ್ಗ.’

ಆದಿನಾರಾಯಣಪ್ಪ ಮೇಜು ಕುಟ್ಟಿದರು. “ಭೇಷ್! ನಂಗೂ ಮೂವತ್ತು ವರ್ಷದಿಂದ ಅನುಮಾನ ಇತ್ತು ಕಣ್ರೀ ಮೇಷ್ಟ್ರೆ, ಈ ನನ್ಮಕ್ಳು ಅರ್ಧ ದಿನ ಸುಮ್ನೆ ನಿಂತಿರ್ತಾರೆ ಅಂತ. ಈಗ ನರಸಿಂಹನ ಮಗಳೇ ಹಿಡಿದ್ಲು. ಅನುಸೂಯಮ್ಮ, ಗಂಗಲಕ್ಷ್ಮಮ್ಮ, ಇವಳಮ್ಮ ಶಕುಂತಲಮ್ಮ, ಮೂರು ಹೆಂಗಸ್ರು ಸೋಮವಾರದಿಂದ ಬರೋದು ಬ್ಯಾಡ.”

“ಸರ್, ಅದು ಸುಳ್ಳು,” ಎಂದೆ. “ಅಪ್ಪ ನಂಗೋಸ್ಕರ ಓಡಿದ್ದು. ಮೂರೇ ದಿನ. ಕಾಲು ಊದ್ಕೊಂಡಿತ್ತು.”

“ಮೂರು ದಿನ ಓಡ್ದೋನು ಮುನ್ನೂರು ದಿನ ಯಾಕ್ ಓಡಲ್ಲ?”

“ರಿಪೋರ್ಟೇ ಸುಳ್ಳು ಸರ್. ನನ್ನ ಫೇಲ್ ಮಾಡಿ.”

ಅನಿಲ್‌ಕುಮಾರ್ ಸರ್ ಕನ್ನಡಕ ಮೇಲೆ ತಳ್ಳಿದರು. “ಎಮೋಷನಲ್ ಆಗ್ಬೇಡಮ್ಮ. ಸ್ಟಾಪ್‌ವಾಚ್ ಸುಳ್ಳು ಹೇಳಲ್ಲ. ನೀನ್ ಫೇಲಾದ್ರೆ ನಮ್ ಹಂಡ್ರೆಡ್ ಪರ್ಸೆಂಟ್ ರಿಸಲ್ಟ್ ಕತೆ ಏನು? ಬ್ಯಾನರ್ ಆಗ್ಲೇ ಪ್ರಿಂಟಿಗೆ ಹೋಗಿದೆ.”

ಚೇರ್ಮನ್ ನಕ್ಕರು. “ಇವಳು ಮಿಮಿಕ್ರಿ ಮಾಡ್ತಾಳಂತಲ್ಲ? ಎಲ್ಲಿ, ನನ್ದೊಂದು ಮಾಡಮ್ಮ, ನೋಡಾನ.”

ನನ್ನ ಕೈ ಮೀಸೆಯ ಜಾಗದವರೆಗೆ ಹೋಯಿತು. ಅಲ್ಲೇ ನಿಂತಿತು.

ಸೋಮವಾರ ಅಮ್ಮ ಅಭ್ಯಾಸಬಲದಿಂದ ಶೆಡ್ಡಿಗೆ ಹೋಗಿ ಬಾಗಿಲಿಂದಲೇ ವಾಪಸು ಬಂದಳು. ಅಂಗಳದಲ್ಲಿ ಕೂತು ಸೆರಗಿನ ಎಳೆಯೊಂದನ್ನು ಹೊಸೆಯತೊಡಗಿದಳು. ಬೆರಳಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

“ಮುಂಡೇದೆ, ಗಡಿಯಾರ ಹಿಡ್ಕೊಂಡು ನಿಂತಾಗ್ಲೇ ಅಂದ್ಕಂಡೆ ನಾನು,” ಎಂದಳು. ಆಮೇಲೆ ಅದೇ ಬಾಯಲ್ಲಿ, “ಆ ಪ್ರಾಜೆಕ್ಟಿಗೆ ಎಷ್ಟು ಬಂತು?”

“ಔಟ್‌ಸ್ಟ್ಯಾಂಡಿಂಗ್.”

“ಹಂಗಂದ್ರೆ?”

“ಹೊರಗೆ ನಿಂತಿರೋದು.”

ಅಮ್ಮ ನಗಲಿಲ್ಲ. ನನ್ನ ಜೋಕಿಗೆ ಅವಳು ನಗದೇ ಇದ್ದದ್ದು ಅದೇ ಮೊದಲು.

ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅವಳೇ ಡಬ್ಬಿ ಕಟ್ಟಿಕೊಟ್ಟಳು. “ನಿಮ್ಮಪ್ಪಂಗೆ ಮುದ್ದೆ ಕೊಟ್ಬಾ. ಮಾರ್ಕ್ಸ್ ಕಾರ್ಡೂ ತೋರ್ಸು. ಅದೊಂದಾದ್ರೂ ನೋಡ್ಲಿ.”

ಶೆಡ್ಡಿನಲ್ಲಿ ಈಗ ಪ್ರತಿ ಕಂಬಕ್ಕೂ ಒಂದು ಹಾಳೆ ತೂಗುಹಾಕಿದ್ದರು. ನನ್ನದೇ ಹಾಳೆ, ನನ್ನದೇ ಕಾಲಂ, ಕನ್ನಡದಲ್ಲಿ: ‘ಸುಮ್ಮನೆ ನಿಂತ ಸಮಯ’. ಅಪ್ಪ ನಾಲ್ಕು ಮಗ್ಗದ ನಡುವೆ ಇದ್ದ. ಈಗ ಓಟವಿರಲಿಲ್ಲ, ಒಂದು ಕಾಲನ್ನು ಎಳೆಯುತ್ತಿದ್ದ. ಲುಂಗಿಯ ಮುಂಭಾಗ ಒದ್ದೆಯಾಗಿತ್ತು. ಗೋಡೆಯ ಮರೆಗೆ ಹೋಗಿಬರಲು ಹಾಳೆಯಲ್ಲಿ ಜಾಗವಿರಲಿಲ್ಲ.

ನಾನು ಅಂಗೈ ಕೆಳಗೆ ಒತ್ತಿದೆ: ನಿಲ್ಲಿಸು.

ಅವನು ಗಾಬರಿಯಿಂದ ನಾಲ್ಕೂ ಮಗ್ಗ ನೋಡಿದ. ಎಲ್ಲಿ ಎಳೆ ಕಡಿದಿದೆ ಎಂದು ಹುಡುಕಿದ. ಎಲ್ಲೂ ಕಡಿದಿರಲಿಲ್ಲ. ಕೈ ಅಲ್ಲಾಡಿಸಿ ಮತ್ತೆ ಎಳೆಯುವ ಕಾಲು ಮುಂದಿಟ್ಟ.

ಮತ್ತೊಮ್ಮೆ ಒತ್ತಿದೆ. ಈ ಸಲ ತಿರುಗಿಯೂ ನೋಡಲಿಲ್ಲ.

ಡಬ್ಬಿ ನೆಲದ ಮೇಲಿಟ್ಟೆ. ಗೋಡೆಯ ಬಳಿ ಹೋಗಿ ಮೇನ್ ಸ್ವಿಚ್ಚಿನ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದು ಎಳೆದೆ.

ಹನ್ನೆರಡು ಮಗ್ಗವೂ ನಿಂತವು. ಹುಟ್ಟಿದಾಗಿನಿಂದ ಆ ಶೆಡ್ಡಿನಲ್ಲಿ, ಹಾಡಹಗಲಲ್ಲಿ, ಅಂಥ ಮೌನ ನಾನು ಕೇಳಿರಲಿಲ್ಲ.

ಅಪ್ಪ ತಿರುಗಿದ. ನನ್ನ ಕೈಯಲ್ಲಿದ್ದ ಮಾರ್ಕ್ಸ್ ಕಾರ್ಡು ನೋಡಿದ. ಹಾಳೆ ಎಂದರೆ ಅವನಿಗೆ ಈಗ ಒಂದೇ, ಕಂಬಕ್ಕೆ ತೂಗುಹಾಕಿದ್ದು. ಕಿವುಡರು ಕೂಗುವ ಹಾಗೆ, ಮೌನವನ್ನೆಲ್ಲ ತುಂಬುವಂತೆ, ಕೂಗಿದ:

“ಬರ್ಕೋಬ್ಯಾಡ ಮಗಾ! ನಾನ್ ನಿಂತಿದ್ದಲ್ಲ ಕಣವ್ವ! ಮಗ್ಗ ನಿಂತಿದ್ದು!”