ಐದನೇ ಅಡ್ಡಬೀದಿ, ಹೊಲಿಗೆ ವೃತ್ತಿ

ಅತ್ತಿಗೆ ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂತು ಊರಿನ ಮಾತನ್ನು ಊರಿಗೆ ಜೋಡಿಸಿದವಳು. ಅವಳನ್ನು ಅತ್ತಿಗೆ ಎಂದು ಕರೆಯುವ ಹಕ್ಕು ನಿಜಕ್ಕೂ ಇದ್ದದ್ದು ಗಂಡನ ತಂಗಿಗೆ ಮಾತ್ರ. ಆದರೆ ಕೇಳಿ ಕೇಳಿ ಇಡೀ ಬೀದಿಯೇ ಹಾಗೆ ಕರೆಯತೊಡಗಿತ್ತು. ನಿವೃತ್ತಿಯ ಮರುವಾರವೇ ಅವಳು ನಾಗರಿಕ ವೇದಿಕೆಗೆ ಸೇರಿದಳು. "ಮನೇಲಿದ್ರೆ ನನ್ನ ತಲೆ ತಿಂತಾಳೆ, ಊರಿನ ತಲೆ ದೊಡ್ಡದು, ತಿನ್ಲಿ ಬಿಡಿ" ಎಂದು ಗಂಡ ಎಲ್ಲರ ಮುಂದೆ ನಗುತ್ತಿದ್ದ.

ನಗರಸಭೆಯೂ ವೇದಿಕೆಯೂ ಸೇರಿ ಒಂದು ಜಂಟಿ ಸಮಿತಿ ಮಾಡಿಕೊಂಡವು. ಜನ ಕೊಡುವ ದೂರುಗಳು ಕಪಾಟಿನಲ್ಲಿ ಗೆದ್ದಲು ಹಿಡಿಯಬಾರದು. ಪ್ರತಿಯೊಂದು ದೂರನ್ನೂ, ಅದರ ಮೇಲೆ ಕೈಗೊಂಡ ಕ್ರಮವನ್ನೂ ಯಾರು ಬೇಕಾದರೂ ಓದುವಂತೆ ವೆಬ್‌ಸೈಟಿನಲ್ಲಿ ಹಾಕಬೇಕು ಎಂಬುದು ಅದರ ಕೆಲಸ. ಸರ್ಕಾರದ ಕಡೆಯಿಂದ ಬಂದವರು ದಾಖಲೆ ಅಧಿಕಾರಿ. ಮೆಲುಮಾತಿನ ಮನುಷ್ಯ, ತಮ್ಮ ಇಲಾಖೆಯ ತಪ್ಪನ್ನು ತಾವೇ ಎತ್ತಿ ಮೇಜಿನ ಮೇಲಿಡುತ್ತಿದ್ದರು. ಅತ್ತಿಗೆಗೆ ಅವರ ಮೇಲೆ ಮೊದಲ ಸಭೆಯಲ್ಲೇ ವಿಶ್ವಾಸ ಹುಟ್ಟಿತು.

ದೂರು ಕೊಟ್ಟವರ ಹೆಸರು ಹಾಕಬೇಕೇ ಬೇಡವೇ ಎಂಬ ಚರ್ಚೆ ಎರಡು ಸಭೆ ನಡೆಯಿತು. "ಹೆಸರು ತೆಗೆದುಬಿಡೋಣ. ಬೀದಿ, ಕಸುಬು ಎರಡೂ ಬೇಡ" ಎಂದರು ಅಧಿಕಾರಿ.

"ಎಲ್ಲಾನೂ ತೆಗೆದ್ರೆ ಉಳಿಯೋದೇನು ಸರ್? ಕಟ್ಟುಕತೆ ಅಂತಾರೆ" ಎಂದಳು ಅತ್ತಿಗೆ. "ಹೆಸರು ಬೇಡ, ಒಪ್ಪಿದೆ. ಬೀದಿ, ಕಸುಬು ಇರಲಿ. ನಿಜವಾದ ಜನ ಅಂತ ಗೊತ್ತಾಗ್ಬೇಕಲ್ಲ."

ಅವಳ ಮಾತೇ ಗೆದ್ದಿತು.

ಮೊದಲ ದೂರುಗಳಲ್ಲಿ ಒಂದು ಅವಳ ನಾದಿನಿಯದು. ನಾದಿನಿ ಗಂಡನನ್ನು ಕಳೆದುಕೊಂಡವಳು. ಮನೆಯ ಮುಂದಿನ ಕೋಣೆಯಲ್ಲೇ ಶಾಲಾ ಸಮವಸ್ತ್ರ ಹೊಲಿದು ಮಗಳನ್ನು ಓದಿಸುತ್ತಿದ್ದಳು. ಬೀದಿಯ ಹಿಂದೆ ಊರಿನ ಕಸ ಸುರಿಯುವ ಕಸದಂಗಳದಲ್ಲಿ ನಗರಸಭೆಯ ಗುತ್ತಿಗೆ ಕಂಪನಿಯವರು ಪ್ಲಾಸ್ಟಿಕ್ಕು, ಟಯರು ಎಲ್ಲ ಸುಡುತ್ತಿದ್ದರು. ನೇತುಹಾಕಿದ ಬಿಳಿ ಅಂಗಿಗಳ ಮೇಲೆ ಮಸಿ ಕೂರುತ್ತಿತ್ತು. ಮಗಳ ಕೆಮ್ಮು ನಿಲ್ಲುತ್ತಿರಲಿಲ್ಲ. "ನಮಗ್ಯಾಕೆ ಊರ ಉಸಾಬರಿ" ಎಂದು ಹಿಂಜರಿದವಳ ಕೈಗೆ ಪೆನ್ನು ಕೊಟ್ಟು ಬರೆಸಿದವಳು ಅತ್ತಿಗೆ.

ಆರು ವಾರ ಎಲ್ಲವೂ ಚೆನ್ನಾಗಿತ್ತು. ಬೀದಿದೀಪ ಹತ್ತಿದವು, ಎರಡು ಚರಂಡಿ ಹೂಳು ಎತ್ತಿದರು. ಏಳನೇ ವಾರದ ಸಭೆಯಲ್ಲಿ ಸಮಿತಿಯ ಅಧ್ಯಕ್ಷರು ಮುಖ ಅರಳಿಸಿಕೊಂಡು ಓದಿದರು: "ಕಸದಂಗಳದ ಹತ್ತೊಂಬತ್ತು ದೂರುಗಳು ಇತ್ಯರ್ಥ!"

"ಹೊಗೆ ನಿಂತಿಲ್ಲವಲ್ಲ?" ಎಂದಳು ಅತ್ತಿಗೆ.

"ದೂರುದಾರರೇ ವಾಪಸ್ ತಗೊಂಡಿದ್ದಾರೆ ತಾಯಿ. ಅವರಿಗೇ ಇಲ್ಲದ ತೊಂದರೆ ನಮಗೇಕೆ?"

ಅವಳು ಕಾಗದಗಳನ್ನು ಕೇಳಿ ಪಡೆದಳು. 'ತಪ್ಪು ತಿಳುವಳಿಕೆಯಿಂದ ದೂರು ನೀಡಿರುತ್ತೇನೆ. ನನಗೆ ಯಾವ ತೊಂದರೆಯೂ ಇರುವುದಿಲ್ಲ.' ಹತ್ತೊಂಬತ್ತರಲ್ಲೂ ಅದೇ ಎರಡು ಸಾಲು. ಹತ್ತೊಂಬತ್ತರಲ್ಲೂ 'ತಿಳುವಳಿಕೆ' ಎಂಬಲ್ಲಿ ಟೈಪಿನ ಅದೇ ಅಕ್ಷರ ಸಾಲಿನಿಂದ ಕೆಳಗೆ ಜಾರಿತ್ತು. ಹನ್ನೊಂದನೆಯದರ ಕೆಳಗೆ ನಾದಿನಿಯ ಸಹಿ.

ಅತ್ತಿಗೆ ಸಭೆಯಿಂದ ನೇರ ನಾದಿನಿಯ ಮನೆಗೆ ಹೋದಳು. ಮಧ್ಯಾಹ್ನ ಮೂರು ಗಂಟೆ. ಹೊಲಿಗೆ ಯಂತ್ರಕ್ಕೆ ಬಟ್ಟೆ ಹೊದಿಸಿತ್ತು. ಕಿಟಕಿ ಮುಚ್ಚಿತ್ತು.

"ಯಾವ ದೂರು ಅತ್ತಿಗೆ? ನಂಗೇನೂ ಗೊತ್ತಿಲ್ಲ."

"ನನ್ನ ಮುಖ ನೋಡಿ ಹೇಳು."

ನಾದಿನಿ ನೋಡಲಿಲ್ಲ. ಯಂತ್ರದ ಮೇಲಿನ ಬಟ್ಟೆ ಸರಿಮಾಡುತ್ತಾ ಹೇಳಿದಳು. ಒಬ್ಬ ಅಂಗಿ ಗುಂಡಿ ಹಾಕಿಸಲು ಬಂದಿದ್ದ. ಒಳ್ಳೇ ಮಾತು, ಇಸ್ತ್ರಿ ಮಾಡಿದ ಬಟ್ಟೆ. ಅವಳು ಗುಂಡಿ ಹೊಲಿಯುತ್ತಿರುವಾಗ ಫೋನಿನಲ್ಲಿ ವೆಬ್‌ಸೈಟಿನ ಪಟ್ಟಿ ತೆಗೆದು ಓದಿದ: 'ಐದನೇ ಅಡ್ಡಬೀದಿ, ಹೊಲಿಗೆ ವೃತ್ತಿ, ಮಹಿಳೆ.' ಆಮೇಲೆ ಕೇಳಿದ: ಈ ಬೀದೀಲಿ ಹೊಲಿಯೋರು ನೀವೊಬ್ರೇ ಅಲ್ವಾ ಅಕ್ಕ?

"ಬೈದನಾ? ಹೆದರಿಸಿದನಾ?"

"ಇಲ್ಲ. ಮಗಳು ಸ್ಕೂಲಿಂದ ಎಷ್ಟೊತ್ತಿಗೆ ಬರ್ತಾಳೆ ಅಂತ ಕೇಳ್ದ. ನಾನು ಹೇಳ್ಲಿಲ್ಲ. 'ನಾಲ್ಕೂಕಾಲಿಗಲ್ವಾ' ಅಂತ ಅವನೇ ಅಂದ. ಆಮೇಲೆ ಆ ಕಾಗದ ಮುಂದಿಟ್ಟ, ಸಹಿ ಹಾಕ್ದೆ." ನಾದಿನಿ ಸೆರಗಿನ ತುದಿ ಹಿಂಡಿದಳು. "ನೀವೇ ಅಲ್ವಾ ಅತ್ತಿಗೆ ಬರಿ ಅಂದಿದ್ದು? ಹೆಸರು ಗೊತ್ತಾಗಲ್ಲ ಅಂದಿದ್ದು?"

ಅತ್ತಿಗೆ, ಬಾವಿಗೆ ಇಳಿಸಿ ಹಗ್ಗ ಕತ್ತರಿಸಿದವಳು ನಾನೇ ಎಂದುಕೊಂಡು ಹೊರಬಿದ್ದಳು.

ದಾಖಲೆ ಅಧಿಕಾರಿ ಇನ್ನೂ ಕಚೇರಿಯಲ್ಲಿದ್ದರು. ಎಲ್ಲವನ್ನೂ ಕೇಳಿ, ಕುರ್ಚಿಗೆ ಒರಗಿ ಕಣ್ಣು ಮುಚ್ಚಿದರು. ಹೇಳಿದ್ದೆನಲ್ಲ ಎಂಬ ಮಾತು ಅವರ ಬಾಯಿಂದ ಬರಲಿಲ್ಲ. ಅದು ಬಂದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

"ಬೀದಿ, ಕಸುಬು ಈಗಲೇ ಅಳಿಸ್ತೀನಿ. ಇಡೀ ಪಟ್ಟೀನೇ ತೆಗೆದುಬಿಡ್ಲಾ?"

"ತೆಗೆದ್ರೆ ಅವರಿಗೇ ಹಬ್ಬ ಸರ್. ಮತ್ತೆ ಎಲ್ಲಾ ಕಪಾಟಿಗೆ." ಅವಳು ಒಂದು ಖಾಲಿ ಹಾಳೆ ಎಳೆದುಕೊಂಡಳು. "ಕಸದಂಗಳದ ದೂರು ಇನ್ನು ನನ್ನದು. ನನ್ನ ಪೂರ್ತಿ ಹೆಸರು ಹಾಕಿ, ಮನೆ ನಂಬರೂ ಹಾಕಿ. ಬೇರೆ ಯಾರನ್ನೂ ಕರೀಬೇಡಿ. ಬಹಿರಂಗ ವಿಚಾರಣೆ ಇಡಿ."

"ಯೋಚ್ನೆ ಮಾಡಿ."

"ನಾದಿನಿ ಕೈಗೆ ಪೆನ್ನು ಕೊಡುವಾಗ ಮಾಡ್ಬೇಕಿತ್ತು."

ಅಧಿಕಾರಿ ಆ ದೂರನ್ನು ತಮ್ಮ ಕೈಯಾರೆ ದಾಖಲಿಸಿದರು. ಹತ್ತೊಂಬತ್ತು ಕಾಗದಗಳ ಸಹಿಯನ್ನೂ ವಿಳಾಸವನ್ನೂ ಮುಚ್ಚಿ, ಅದೇ ಎರಡು ಸಾಲುಗಳನ್ನು ಪಕ್ಕಪಕ್ಕ ಜೋಡಿಸಿ ವೆಬ್‌ಸೈಟಿಗೆ ಹಾಕಿದರು. ನಾಲ್ಕನೇ ದಿನ ಅವರಿಗೆ ವರ್ಗಾವಣೆಯ ಆದೇಶ ಬಂತು. ತಿಂಗಳ ಕೊನೆಗೆ ಹೊರಡಬೇಕು. "ವಿಚಾರಣೆ ಇಪ್ಪತ್ತಾರಕ್ಕಿದೆ, ಅಲ್ಲೀವರೆಗೆ ಇರ್ತೀನಿ" ಎಂದು ಫೋನಿನಲ್ಲಿ ಹೇಳಿ ಇಟ್ಟುಬಿಟ್ಟರು.

ಇಪ್ಪತ್ತಾರರ ಬೆಳಿಗ್ಗೆ ಸಭಾಂಗಣದಲ್ಲಿ ಅರವತ್ತು ಕುರ್ಚಿ ಹಾಕಿತ್ತು. ಬೀದಿಯವರು ಒಬ್ಬರೂ ಬರಲಿಲ್ಲ. ಮುಂದಿನ ಎರಡು ಸಾಲು ಮಾತ್ರ ತುಂಬಿತ್ತು: ಇಸ್ತ್ರಿ ಮಾಡಿದ ಅಂಗಿಗಳು, ತೊಡೆಯ ಮೇಲೆ ಕೈ ಇಟ್ಟುಕೊಂಡ ಗಂಡಸರು. ಯಾರೂ ಗಲಾಟೆ ಮಾಡಲಿಲ್ಲ. ಅವಳು ದೂರು ಓದುತ್ತಿರುವಷ್ಟು ಹೊತ್ತೂ ಅವಳ ಮುಖವನ್ನೇ ನೋಡಿದರು. ಅವಳು ಕೊನೆಯ ಸಾಲಿನವರೆಗೂ ಒಂದೇ ದನಿಯಲ್ಲಿ ಓದಿದಳು. ಕಡೆಗೆ ದಾಖಲೆ ಅಧಿಕಾರಿ ಹತ್ತೊಂಬತ್ತೂ ಕಾಗದಗಳನ್ನು ಒಂದಾದ ಮೇಲೊಂದರಂತೆ ಗಟ್ಟಿಯಾಗಿ ಓದತೊಡಗಿದರು. ಏಳನೆಯದಕ್ಕೆ ಅಧ್ಯಕ್ಷರು ಬೆವರು ಒರೆಸಿಕೊಂಡು "ಸಾಕು" ಎಂದರು. ಕಸದಂಗಳದಲ್ಲಿ ಹೊಗೆ ಅಳೆಯುವ ಯಂತ್ರ ಕೂರಿಸಬೇಕು, ದಿನದಿನದ ಅಂಕಿ ಪ್ರಕಟಿಸಬೇಕು ಎಂದು ಆದೇಶವಾಯಿತು. ಬೇಕಾಗಿದ್ದದ್ದರಲ್ಲಿ ಕಾಲು ಭಾಗ.

ಮನೆಗೆ ನಡೆಯುವಾಗ ಮುಂದಿನ ಸಾಲಿನವರು ಇಬ್ಬರು ಹಿಂದೆ ಬಂದರು. ತರಕಾರಿ ಅಂಗಡಿಯ ಹತ್ತಿರ ಅವಳು ನಿಂತಳು, ಅವರೂ ನಿಂತರು. ಗೇಟಿನ ಬಳಿ ಒಬ್ಬ ಹತ್ತಿರ ಬಂದು ವಿನಯದಿಂದ ಕೇಳಿದ, "ಇದೇ ಮನೇನಾ ಅಮ್ಮ?"

"ಇದೇ. ಪಟ್ಟೀಲಿ ಓದಿಲ್ವಾ?"

ಅವನು ನಕ್ಕು ತಲೆಯಾಡಿಸಿದ. ಎದುರಿನ ಕಟ್ಟೆಯ ಮೇಲೆ ಹೋಗಿ ಇಬ್ಬರೂ ಕೂತರು.

ಒಳಗೆ ಅವಳು ನೀರು ಕುಡಿಯಲು ಹೋಗಿ ಅರ್ಧ ನೆಲಕ್ಕೆ ಚೆಲ್ಲಿದಳು. ಗಂಡ ಕಿಟಕಿಯಿಂದ ಕಟ್ಟೆಯ ಕಡೆ ನೋಡಿದ. ಅಂದು ತಮಾಷೆ ಬರಲಿಲ್ಲ ಅವನಿಗೆ.

"ಎಷ್ಟು ದಿನ ಕೂರ್ತಾರಂತೆ?"

"ಹೇಳಿಲ್ಲ."

ಅವನು ನೆಲ ಒರೆಸಿದ. ಆಮೇಲೆ ಫೋನು ಎತ್ತಿ ತಂಗಿಗೆ, ಅವಳ ಮಗಳನ್ನು ಕರೆತರಲು ಇವತ್ತು ತಾನೇ ಶಾಲೆಗೆ ಹೋಗುವುದಾಗಿ ಹೇಳಿದ. ಮೂರೂವರೆಗೆ ಚಪ್ಪಲಿ ಮೆಟ್ಟಿ ಹೊರಟ. ಕಟ್ಟೆಯ ಮೇಲಿದ್ದವರಲ್ಲಿ ಒಬ್ಬ ಎದ್ದು, ಧೂಳು ಕೊಡವಿಕೊಂಡು, ಅವನ ಹಿಂದೆ ನಿಧಾನಕ್ಕೆ ನಡೆದ.