ಹೆಸರು ಹೇಳಬಾರದ ಸೊಪ್ಪು

ಒಂಬತ್ತು ವರ್ಷ ಒಂದೇ ಒಲೆಯ ಮುಂದೆ ಬೆಂದ ಸೊಸೆಗೆ ಒಂದು ಸೊಪ್ಪಿನ ಹೆಸರು ಹೇಳದ ಅತ್ತೆ ಎಲ್ಲಾದರೂ ಇದ್ದಾರಾ? ನಮ್ಮನೆಯಲ್ಲಿದ್ದಾರೆ.

ಹುಳ ಕಡಿದು ಮೈಯೆಲ್ಲ ದದ್ದು ಎದ್ದವರು ನರಸಿಂಹರಾಜಪುರದ ನಮ್ಮ ಬೀದಿಯಿಂದಷ್ಟೇ ಅಲ್ಲ, ಕೊಪ್ಪದ ಬಸ್ಸಿಳಿದು ಮನೆ ಕೇಳಿಕೊಂಡೂ ಬರುತ್ತಾರೆ. ಅತ್ತೆ ವೀರಬಸಮ್ಮ ಹಿತ್ತಲಿಗೆ ಹೋಗಿ ಸೊಪ್ಪು ಕುಯ್ದು, ಅರೆದು, ಹಚ್ಚುತ್ತಾರೆ. ಯಾವ ಸೊಪ್ಪು ಅಂತ ಕೇಳಿದರೆ ಒಂದೇ ಮಾತು: "ಹೆಸರು ಹೇಳಿದರೆ ಗುಣ ಹೋಗುತ್ತೆ."

ಊರವರಿಗೆ ಬೇಡ, ನನಗೂ ಹೇಳಬಾರದಾ? ನಾನೇನು ಸಂತೆಯಲ್ಲಿ ಸಾರಿಕೊಂಡು ಬರುತ್ತೀನಾ? ಸಿಟ್ಟಿಗೆ ಕದ್ದು ನೋಡಿದೆ. ಕಿಲಾಡಿ ಮುದುಕಿ! ನಾಲ್ಕೈದು ಬಗೆ ಸೊಪ್ಪು ಕುಯ್ದು ಸೆರಗಲ್ಲಿ ಮುಚ್ಚಿಕೊಂಡು ಬರುತ್ತಾರೆ, ಒಂದನ್ನು ಅರೆದು ಮಿಕ್ಕಿದ್ದನ್ನು ದನಕ್ಕೆ ಹಾಕುತ್ತಾರೆ. ಕಲ್ಲು ತೊಳೆಯದೆ ಏಳುವುದೇ ಇಲ್ಲ. ಒಂದು ಸಲ ಕಲ್ಲನ್ನೇ ಮೂಸಿದೆ. ಜೀರಿಗೆ ವಾಸನೆ ಬಂತು. ಅದು ಮದ್ದಿನದೋ, ಬೆಳಗ್ಗೆ ಸಾರಿಗೆ ನಾನೇ ಅರೆದದ್ದೋ, ತಲೆಬುಡ ಗೊತ್ತಾಗಲಿಲ್ಲ.

ಎರಡು ಸಾವಿರದ ಆರರಲ್ಲಿ ಅತ್ತೆಗೆ ಕಣ್ಣಿನ ಪೊರೆ ಆಪರೇಷನ್ ಆಯಿತು. ನಮ್ಮನೆಯವರು ಅವರನ್ನು ಶಿವಮೊಗ್ಗಕ್ಕೆ ಕರಕೊಂಡು ಹೋದ ಮಾರನೇ ದಿನವೇ ಪಕ್ಕದ ಬೀದಿಯ ಸೀತಕ್ಕ ಓಡಿ ಬಂದಳು. ಹಲಸಿನಕಾಯಿ ಕೀಳಲು ಹೋಗಿ ಚಗಳಿ ಇರುವೆಯ ಗೂಡಿಗೇ ಕೈ ಹಾಕಿದ್ದಳಂತೆ. ತುರಿಸಿ ತುರಿಸಿ ಎರಡೂ ಕೈ ಕೆಂಪಾಗಿದ್ದವು.

"ಅತ್ತೆ ಇಲ್ವಾ? ಸತ್ತೆ! ನೀನೇ ಹಚ್ಚು ಮಾರಾಯ್ತಿ. ನಿನಗೆ ಗೊತ್ತಿರುತ್ತಲ್ಲ ಸರ್ವಮಂಗಳಾ?"

ಗೊತ್ತಿಲ್ಲ ಅನ್ನಲು ನಾಲಿಗೆ ಏಳಲಿಲ್ಲ. ಒಂಬತ್ತು ವರ್ಷವಾದರೂ ಅತ್ತೆ ನನ್ನನ್ನು ನಂಬಿಲ್ಲ ಅಂತ ನಾನೇ ಬೀದಿಗೆ ಹೇಳಿದ ಹಾಗಾಗುತ್ತಲ್ಲ! "ಕೂತ್ಕೊಳ್ಳಿ" ಅಂದು ಹಿತ್ತಲಿಗೆ ಹೋದೆ.

ಹೋಗಿ ನಿಂತರೆ ತುಂಬೆ, ತುಳಸಿ, ಕಾಮಕಸ್ತೂರಿ, ಒಂದೆಲಗ, ದೊಡ್ಡಪತ್ರೆ. ಎಲ್ಲವೂ ಮದ್ದಿನ ಸೊಪ್ಪೇ. ತುಂಬೆ ಹಿಡಿದೆ, ಬಿಟ್ಟೆ. ತುಳಸಿ ಮುಟ್ಟಿದೆ, ಇದಾಗಿದ್ದರೆ ಇಷ್ಟು ಗುಟ್ಟು ಯಾಕೆ ಅನಿಸಿತು. ಜಗಲಿಯಿಂದ ಸೀತಕ್ಕ ಕೂಗಿದಳು: "ಸೊಪ್ಪು ಕುಯ್ತಿದ್ದೀಯೋ, ಬೀಜ ಹಾಕ್ತಿದ್ದೀಯೋ?"

ನನ್ನ ತವರು ಮೇಗುಂದದಲ್ಲಿ ಅಮ್ಮ ತುರಿಕೆಗೆ ದೊಡ್ಡಪತ್ರೆ ಹಚ್ಚುತ್ತಿದ್ದಳು. ದೇವರ ಮೇಲೆ ಭಾರ ಹಾಕಿ ಅದನ್ನೇ ಕುಯ್ದೆ. ಅರೆದೆ, ಹಚ್ಚಿದೆ, ಅತ್ತೆಯ ಹಾಗೇ ಗತ್ತಿನಿಂದ ಕಲ್ಲನ್ನೂ ತೊಳೆದೆ.

ಸಂಜೆ ಸೀತಕ್ಕ ನಗುತ್ತಾ ಬಂದು ಕೈ ತೋರಿಸಿದಳು. ತುರಿಕೆ ಮಾಯ. "ನಿನ್ನ ಕೈಗುಣ ಅತ್ತೆಗಿಂತ ಜೋರು ಕಣೇ!" ಮರುದಿನ ಮತ್ತಿಬ್ಬರು ಬಂದರು, ಅವರಿಗೂ ಹೋಯಿತು. ಹಾಗಾದರೆ ಆ ಗುಟ್ಟಿನ ಸೊಪ್ಪು ದೊಡ್ಡಪತ್ರೆಯೇನಾ? ಇಲ್ಲಾ ಕೈಗುಣ ಅನ್ನುವುದು ನಿಜವಾ? ಅಥವಾ ಚಗಳಿ ಕಡಿದ ತುರಿಕೆ ಸಂಜೆಗೆ ತಾನಾಗೇ ಹೋಗುತ್ತದಾ? ಪಾತ್ರೆ ತಿಕ್ಕುವ ನನ್ನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದೆ.

ಅತ್ತೆ ಕಪ್ಪು ಕನ್ನಡಕ ಹಾಕಿಕೊಂಡು ಬಂದಿಳಿದಾಗ ಸೀತಕ್ಕ ಗೇಟಲ್ಲೇ ಸುದ್ದಿ ಮುಟ್ಟಿಸಿದಳು. ಅತ್ತೆ ಸೀದಾ ಒಳಗೆ ಹೋದರು. ಊಟವೂ ಸರಿಯಾಗಿ ಮಾಡಲಿಲ್ಲ.

ಮಾರನೇ ಬೆಳಗ್ಗೆ ಕೇಳಿದರು: "ಯಾವ ಸೊಪ್ಪು ಹಾಕಿದೆ?"

"ಹೆಸರು ಹೇಳಿದರೆ ಗುಣ ಹೋಗುತ್ತಲ್ಲ ಅತ್ತೆ." ಬಾಯಿ ತಪ್ಪಿ ಬಂದೇ ಬಿಟ್ಟಿತು.

ಬೈಯುತ್ತಾರೆ ಅಂದುಕೊಂಡೆ. ಅವರು ಸೋತವರ ಹಾಗೆ ಗೋಡೆಗೆ ಒರಗಿದರು. "ಸೊಪ್ಪಿನ ಗುಣ ಅಲ್ಲ ಕಣೇ. ಹೇಳಿದವರ ಕೈಯ ಗುಣ ಹೋಗೋದು. ನಮ್ಮತ್ತೆ ನನಗೆ ಹೇಳಿದ ದಿನದಿಂದ ಅವರ ಹತ್ತಿರ ಒಬ್ಬರೂ ಬರಲಿಲ್ಲ. ಮೂಲೆಯಲ್ಲಿ ಕೂತೇ ಹೋದರು. ನಿನಗೆ ಹೇಳಿಬಿಟ್ಟರೆ ನನ್ನ ಯಾರು ಕೇಳ್ಕೊಂಡು ಬರ್ತಾರೆ?"

ಒಂಬತ್ತು ವರ್ಷದ ನನ್ನ ಸಿಟ್ಟು ಎಲ್ಲಿ ಹೋಗಿ ನಿಲ್ಲಬೇಕೋ ಅದಕ್ಕೇ ಗೊತ್ತಾಗಲಿಲ್ಲ. ನನ್ನನ್ನು ನಂಬಿಲ್ಲ ಅಂತ ಉರಿದದ್ದು ಸುಮ್ಮನೆಯಾ? ಅವರಿಗೆ ಹೆದರಿಕೆಯಿತ್ತಾ?

ಅತ್ತೆ ತೋಳು ಮುಂದೆ ಚಾಚಿದರು. ಆಸ್ಪತ್ರೆಯ ಹಾಸಿಗೆಯಲ್ಲಿ ತಿಗಣೆ ಕಡಿದ ಗುರುತು, ಸಾಲಾಗಿ ನಾಲ್ಕು. "ಹಚ್ಚು, ನೋಡೋಣ."

ಅರೆದು ತಂದು ಹಚ್ಚಿದೆ. ನನ್ನ ಬೆರಳು ಹಿಡಿದು ಮೂಸಿದರು. "ದೊಡ್ಡಪತ್ರೆ. ಇದಲ್ಲ ಸೊಪ್ಪು."

ಇದಲ್ಲದಿದ್ದರೆ ಸೀತಕ್ಕನ ತುರಿಕೆ ಹೋದದ್ದು ಹೇಗೆ?

"ಆದರೂ ತಂಪಾಗಿದೆ" ಅಂದರು. ಆಮೇಲೆ ಹತ್ತಿರ ಬಾ ಅಂತ ಕೈಸನ್ನೆ ಮಾಡಿದರು. "ನನಗೂ ವಯಸ್ಸಾಯ್ತು. ಕೇಳಿಸ್ಕೋ, ಆ ಸೊಪ್ಪು..."

ನಾನು ಗಬಕ್ಕನೆ ಅವರ ಬಾಯಿ ಮುಚ್ಚಿದೆ. ದೊಡ್ಡಪತ್ರೆ ಮೆತ್ತಿದ ಕೈಯೇ. "ಬೇಡ ಅತ್ತೆ. ಹೇಳಬೇಡಿ."

ಅತ್ತೆ ತುಟಿ ಒರೆಸಿಕೊಂಡರು. ಅತ್ತರೋ ನಕ್ಕರೋ, ಕಪ್ಪು ಕನ್ನಡಕದಲ್ಲಿ ಕಾಣಲಿಲ್ಲ. ಅಷ್ಟರಲ್ಲಿ ಗೇಟು ಸದ್ದಾಯಿತು. ಮೂಲೆಮನೆ ಪುಟ್ಟಕ್ಕ ಕತ್ತು ಕೆರೆದುಕೊಳ್ಳುತ್ತಾ ನಿಂತಿದ್ದಳು. "ಸರ್ವಮಂಗಳಾ, ಹುಳ ಕಡಿದಿದೆ, ಸ್ವಲ್ಪ ಮದ್ದು ಹಚ್ತೀಯಾ?"

"ನನಗೆ ಬರಲ್ಲ ಪುಟ್ಟಕ್ಕ" ಅಂದೆ. "ಅತ್ತೆ ಬಂದಿದ್ದಾರೆ, ಒಳಗೆ ಬನ್ನಿ."