ಕಂಡಕ್ಟರನ ಮಗಳು

ಗಾದಿಲಿಂಗಪ್ಪನ ಮುಂದೆ ಸುಳ್ಳು ನಡೆಯುತ್ತಿರಲಿಲ್ಲ. ಕುಷ್ಟಗಿ–ಗಂಗಾವತಿ ಬಸ್ಸಿನ ಕಂಡಕ್ಟರ್ ಅವನು. ಮೀಸೆ ಚಿಗುರಿದ ಮಗನಿಗೆ ಅರ್ಧ ಟಿಕೆಟ್ ಕೇಳುವ ಅಪ್ಪಂದಿರನ್ನು ಮುಖ ನೋಡಿಯೇ ಹಿಡಿಯುತ್ತಿದ್ದ. ಮನೆಗೆ ಬಂದು ಹೆಣ್ಣುಮಕ್ಕಳಿಬ್ಬರ ಮುಂದೆ ಜಂಬ ಕೊಚ್ಚುತ್ತಿದ್ದ.

“ಸುಳ್ಳು ಹೇಳಾವನ ಕಣ್ಣು ನೆಲಾ ನೋಡ್ತಾವ, ಕೈ ಮೂಗಿಗೆ ಹೋಗತೈತಿ. ನನಗ ಯಾರೂ ಟೋಪಿ ಹಾಕಾಕ ಆಗಂಗಿಲ್ಲ.”

ಹಾಳು ಹೆಮ್ಮೆ.

ಹಿರಿಮಗಳು ಸುಮಂಗಲಾಳನ್ನು ಗಂಗಾವತಿ ಹತ್ತಿರದ ಮರಳಿ ಎಂಬ ಊರಿಗೆ ಕೊಟ್ಟಿದ್ದರು. ಒಂದು ದಿನ ಅದೇ ಊರಿನ ಹುಸೇನಬೀ ಬಸ್ಸಿಳಿಯುತ್ತ, “ಮಗಳನ್ನ ಒಮ್ಮೆ ನೋಡಿ ಬರ್ರಿ ಅಣ್ಣಾರ. ನಿಮ್ಮ ಅಳಿಯ ಮಲ್ಲೇಶ ಕೈ ಎತ್ತತಾನಂತ,” ಅಂದಳು.

ಮರುದಿನವೇ ಹೋದ. ಬೀಗಿತ್ತಿ ಪಡಸಾಲೆಯಲ್ಲೇ ಕೂತಿದ್ದಳು. ಸುಮಂಗಲಾ ನೀರಿನ ತಂಬಿಗೆ ಕೊಟ್ಟು, ಅಪ್ಪನ ಕಣ್ಣಲ್ಲಿ ಕಣ್ಣಿಟ್ಟು, “ಛಲೋ ಅದೀನಪ್ಪಾ. ಮಂದಿ ಏನರ ಅಂತಾರ,” ಅಂದಳು. ರೆಪ್ಪೆ ಅಲುಗಲಿಲ್ಲ, ಕೈ ಮೇಲೇಳಲಿಲ್ಲ. ಗಾದಿಲಿಂಗಪ್ಪ ಹೊಟ್ಟೆ ತುಂಬ ಉಂಡು ನಿಶ್ಚಿಂತೆಯಿಂದ ಮನೆಗೆ ಬಂದ.

ಅವನ ಹೆಂಡತಿ ಫಕೀರಮ್ಮ ಎಲ್ಲ ಕೇಳಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

“ಅತ್ತಿ ಎದುರಿಗಿದ್ಳೇನ್ರಿ?”

“ಹೂಂ, ಅಲ್ಲೇ ಕುಂತಿದ್ಳು.”

“ಅತ್ತಿ ಮುಂದ ಯಾವ ಸೊಸಿ ತಲಿ ಎತ್ತಿ ಹಂಗ ನೋಡ್ತಾಳ? ನೀವು ಕಲಿಸಿದ್ದನ್ನ ನಿಮಗ ತೋರಿಸ್ಯಾಳ ಆಕಿ.”

ಇಬ್ಬರೂ ಮರಳಿಗೆ ಓಡಿದರು. ಮಗಳು ಕಾಲುವೆ ದಂಡೆಯಲ್ಲಿ ಒಬ್ಬಳೇ ಬಟ್ಟೆ ಒಗೆಯುತ್ತಿದ್ದಳು. ಫಕೀರಮ್ಮ ಅವಳ ಕುಪ್ಪಸದ ತೋಳು ಸರಿಸಿದಳು. ಏಟು ಬಿದ್ದು ತೋಳು ಹಸಿರುಗಟ್ಟಿತ್ತು. ಗಾದಿಲಿಂಗಪ್ಪನಿಗೆ ತನ್ನ ಮೇಲೇ ಅಸಹ್ಯವಾಯಿತು.

“ನಡಿ ಮನಿಗೆ,” ಅಂದ.

“ಒಲ್ಲೆಪ್ಪಾ. ತಂಗಿ ಲಗ್ನ ಮುಂದಿನ ತಿಂಗಳ ಐತಿ. ನಾ ಗಂಡನ್ನ ಬಿಟ್ಟು ಬಂದೆ ಅಂದ್ರ ಆ ಮಂದಿ ಸಂಬಂಧ ಮುರಕೊಂತಾರ.”

“ಲಗ್ನ ಆದಮ್ಯಾಲೆ ಬರ್ತೀ?” ತಾಯಿ ಕೇಳಿದಳು.

“ಆಮ್ಯಾಲೆ ತಂಗಿ ಅತ್ತಿ ಮನ್ಯಾಗ ಬಾಳೇವು ಮಾಡಬ್ಯಾಡೇನವ್ವಾ?” ಎಂದು ಸುಮಂಗಲಾ ಬಟ್ಟೆ ಹಿಂಡತೊಡಗಿದಳು.

ಅವರಿಬ್ಬರೂ ಬರಿಗೈಲಿ ಬಸ್ಸು ಹತ್ತಿದರು.

ಮದುವೆಯ ದಿನ ಮೊದಲ ಆಯೇರಿಯ ಉಡುಗೊರೆ ಹಿರಿಯಳಿಯನಿಗೇ ಸಲ್ಲಬೇಕು. ಗಾದಿಲಿಂಗಪ್ಪ ಹಂದರದಲ್ಲಿ ಮಲ್ಲೇಶನ ಹಣೆಗೆ ಕುಂಕುಮವಿಟ್ಟು ಹೊಸ ಬಟ್ಟೆ ಕೊಟ್ಟ. ಬೀಗರೆಲ್ಲ ಕೇಳುವಂತೆ, “ನಮ್ಮ ಮಗಳನ್ನ ಭಾಳ ಛಲೋ ನೋಡಿಕೊಂಡೀರಿ,” ಅಂದ. ಅವನ ಕಣ್ಣು ನೆಲಕ್ಕಿಳಿದಿತ್ತು. ಯಾರಾದರೂ ಒಬ್ಬರು ತನ್ನ ಸುಳ್ಳನ್ನು ಹಿಡಿಯಲಿ ಎಂದು ಕಾದ. ಮಂದಿ ಊಟದ ಪಂಕ್ತಿಗೆ ಏಳುತ್ತಿದ್ದರು.